ಹದಿನೇಳನೇ ಮಿಷನ್ ದುರಸ್ತಿಯಲ್ಲಿದೆ

ನನ್ನ ಚಿಕ್ಕಮ್ಮನಿಗೆ ಕಾಲೇಜಿನ ಹುಡುಗರು ಇಟ್ಟ ಹೆಸರು ‘ಐದೂ ಹತ್ತು’. ಇಪ್ಪತ್ತನಾಲ್ಕು ವರ್ಷ ಅವಳು ಕಂಪ್ಯೂಟರ್ ಲ್ಯಾಬಿನ ಸಹಾಯಕಿ. ಸಂಜೆ ಐದಕ್ಕೆ ಗಂಟೆ ಹೊಡೆದರೆ ಹುಡುಗರು ಎದ್ದು ಹೋಗಲು ಹತ್ತು ನಿಮಿಷ. ಆಮೇಲೆ ಭೂಮಿ ಬಾಯಿ ಬಿಟ್ಟರೂ ಮೂವತ್ತು ಮಿಷನ್ನುಗಳು ಆರಿರಬೇಕು. ಆರಿಸಿದ ಮೇಲೆ ಪ್ರತಿಯೊಂದರ ಬೆನ್ನಿಗೂ ಅಂಗೈ ಇಟ್ಟು ನೋಡುತ್ತಿದ್ದಳು, ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ. ನಾಲ್ಕನೆಯದು ಸಿಡುಕು, ಹನ್ನೊಂದು ಸೋಮಾರಿ, ಇಪ್ಪತ್ತಾರಕ್ಕೆ ಎರಡು ಸಲ ಗುಂಡಿ ಒತ್ತಿದರೇ ಎಚ್ಚರ. ಒಮ್ಮೆ ಪ್ರಾಂಶುಪಾಲರೇ ಐದೂ ಹನ್ನೆರಡಕ್ಕೆ ಒಂದು ಪತ್ರ ಟೈಪ್ ಮಾಡಬೇಕೆಂದು ಬಂದಾಗ, “ನಾಳೆ ಒಂಬತ್ತಕ್ಕೆ ಬನ್ನಿ ಸಾರ್” ಎಂದು ಬೀಗ ತೋರಿಸಿ ಕಳಿಸಿದ್ದಳಂತೆ. ಕಾಲೇಜಿನಲ್ಲಿ ಈಗಲೂ ಇದನ್ನು ಹೇಳಿಕೊಂಡು ನಗುತ್ತಾರೆ.

ಅವಳ ಇನ್ನೊಂದು ಹುಚ್ಚು ರಿಜಿಸ್ಟರು. ಮೌಸು, ಕೇಬಲ್ಲು, ಹೊರಗೆ ಒಯ್ದ ಪುಸ್ತಕ, ಎಲ್ಲಕ್ಕೂ ಮೂರು ಕಾಲಂ: ಪಡೆದದ್ದು, ಹಿಂದಿರುಗಿಸಿದ್ದು, ಸಹಿ. ಕಾಲಂ ಖಾಲಿ ಬಿಟ್ಟರೆ ಅವಳಿಗೆ ನಿದ್ದೆ ಬರುವುದಿಲ್ಲ. “ಖಾಲಿ ಬಿಟ್ರೆ ಆಮೇಲೆ ಯಾರು ಬೇಕಾದ್ರೂ ಬಂದು ಏನು ಬೇಕಾದ್ರೂ ತುಂಬ್ತಾರೆ” ಎನ್ನುತ್ತಾಳೆ. ಒಂದು ಸಲ ನನ್ನಿಂದಲೇ ಒಂದು ಪೆನ್ನಿಗೆ ಸಹಿ ಹಾಕಿಸಿಕೊಂಡಿದ್ದಾಳೆ. ನಾನು ಆಗ ಅದೇ ಕಾಲೇಜಿನಲ್ಲಿ ಉಪನ್ಯಾಸಕಿ, ಅವಳಿಗಿಂತ ದೊಡ್ಡ ಹುದ್ದೆಯವಳು. ಮನೆಯಲ್ಲಿ ಅವಳಿಗೆ ನಾನು ಇನ್ನೂ ಪುಟ್ಟಿ. ಅಮ್ಮನ ತಂಗಿ ಅವಳು. ಎರಡು ಮನೆಗೂ ಒಂದೇ ಮೆಟ್ಟಿಲು, ಕೆಳಗೆ ನಾವು, ಮೇಲೆ ಅವಳು ಮತ್ತು ಶಾಲಾ ವ್ಯಾನ್ ಓಡಿಸುವ ನನ್ನ ಚಿಕ್ಕಪ್ಪ.

ಈ ಕತೆ ಶುರುವಾಗುವುದು ಲ್ಯಾಬ್ ಮುಚ್ಚುತ್ತಾರೆ ಎಂಬ ಸುತ್ತೋಲೆಯಿಂದ. ಮಿಷನ್ನುಗಳು ಹಳೆಯವಾದವು, ಇನ್ನು ಎಲ್ಲವೂ ಕ್ಲೌಡಿನಲ್ಲಿ, ಹುಡುಗರು ತಮ್ಮ ಲ್ಯಾಪ್‌ಟಾಪಿನಿಂದಲೇ ದೂರದ ಮಿಷನ್ ಬಾಡಿಗೆಗೆ ತೆಗೆದುಕೊಂಡು ಕೆಲಸ ಮಾಡುತ್ತಾರೆ, ಅದಕ್ಕೊಂದು ಹೊಸ ಕೋರ್ಸು. ಸುತ್ತೋಲೆಯ ಕೊನೆಯ ಸಾಲು ಚಿಕ್ಕಮ್ಮನಿಗಾಗಿಯೇ ಬರೆದಂತಿತ್ತು. ಲ್ಯಾಬ್ ಸಿಬ್ಬಂದಿ ಈ ಕೋರ್ಸಿಗೆ ವಿದ್ಯಾರ್ಥಿಗಳ ಜೊತೆ ಕೂತು ನಲವತ್ತು ಅಂಕ ಪಡೆದರೆ ಪ್ರಾಯೋಗಿಕ ತರಗತಿಯ ಬೋಧಕರಾಗಬಹುದು. ಇಲ್ಲದಿದ್ದರೆ ಸ್ಟೋರು. ಸ್ಟೋರು ಅಂದರೆ ನೆಲಮಾಳಿಗೆ. ಮುರಿದ ಕುರ್ಚಿ, ಖಾಲಿ ಉತ್ತರಪತ್ರಿಕೆಯ ಕಟ್ಟು, ಒಂದು ಟ್ಯೂಬ್‌ಲೈಟು.

“ಐವತ್ತೊಂದು ವರ್ಷಕ್ಕೆ ಪರೀಕ್ಷೆನಾ?” ಎಂದು ಅಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು.

“ಕುರ್ಚಿ ಎಣಿಸ್ಕೊಂಡು ಕೂರೋಕೆ ನನ್ನಿಂದ ಆಗಲ್ಲ ಅಕ್ಕ” ಎಂದಳು ಚಿಕ್ಕಮ್ಮ. ಅಷ್ಟೇ ಹೇಳಿದ್ದು. ಆದರೆ ಹೇಳುವಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ನಾನು ಅವಳ ಮುಖ ನೋಡದೆ ಸುತ್ತೋಲೆಯನ್ನು ಮಡಿಸಿಟ್ಟೆ.

ಯಾಕೆಂದರೆ ಆ ಕೋರ್ಸಿನ ಪಾಠ ಮಾಡಬೇಕಾದವಳು ನಾನು. ಅಂಕ ಕೊಡಬೇಕಾದವಳೂ ನಾನೇ. ವಿಭಾಗದ ಮುಖ್ಯಸ್ಥರ ಬಳಿ ಹೋಗಿ, “ಸಾರ್, ಅವಳು ನನ್ನ ಚಿಕ್ಕಮ್ಮ, ಮೌಲ್ಯಮಾಪನ ಬೇರೆಯವರಿಗೆ ಕೊಡಿ” ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು. “ನಿಯಮ ಬರೆದಿಡಿ. ನಿಯಮಕ್ಕೆ ಚಿಕ್ಕಮ್ಮ ಇರ್ತಾಳಾ?” ಎಂದರು. ಈ ಮಾತು ಎಷ್ಟು ಚೆನ್ನಾಗಿತ್ತೆಂದರೆ ನಾನು ತಲೆಯಾಡಿಸಿ ಹೊರಗೆ ಬಂದೆ.

ಹಾಗಾಗಿ ನಿಯಮ ಬರೆಯಲು ಕೂತೆ. ಹನ್ನೆರಡು ವಾರದ ಪಾಠದ ಸಾಮಗ್ರಿ ಬರೆಯುವುದು ನನಗೆ ಕಷ್ಟವಾಗಲಿಲ್ಲ, ಅದು ನನಗೆ ಗೊತ್ತಿರುವ ವಿಷಯ. ತಲೆ ಕೆಡಿಸಿದ್ದು ಎಐ ಬಳಕೆಯ ನಿಯಮ. ಎಐ ಬೇಡ ಎಂದರೆ ಯಾರೂ ಕೇಳುವುದಿಲ್ಲ. ಬೇಕು ಎಂದರೆ ಯಾರೂ ಕಲಿಯುವುದಿಲ್ಲ. ಬೇರೆ ಬೇರೆ ಕಾಲೇಜಿನ ಮೂರು ಪಟ್ಟಿ ಮುಂದಿಟ್ಟುಕೊಂಡೆ. ಒಂದು ಬೈಯುತ್ತಿತ್ತು, ಒಂದು ಮುದ್ದಿಸುತ್ತಿತ್ತು, ಮೂರನೆಯದು ಏನು ಹೇಳುತ್ತಿದೆ ಎಂದು ಬರೆದವರಿಗೇ ಗೊತ್ತಿರಲಿಲ್ಲ. ಮೂರನ್ನೂ ಕಲಸಿ ಹದಿನಾಲ್ಕು ನಿಯಮ ಮಾಡಿದೆ. ಕೊನೆಗೊಂದು ಘೋಷಣಾ ಪತ್ರ: ಎಐಯನ್ನು ಏನು ಕೇಳಿದಿರಿ, ಅದು ಏನು ಹೇಳಿತು, ಎಷ್ಟು ತೆಗೆದುಕೊಂಡಿರಿ, ಏನನ್ನು ಬಿಟ್ಟಿರಿ, ಯಾಕೆ ಬಿಟ್ಟಿರಿ. ಬರೆದು ಮುಗಿಸಿದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ, ಸುಳ್ಳು ಯಾಕೆ ಹೇಳಲಿ.

ನಲವತ್ತು ಪ್ರತಿ ಜೆರಾಕ್ಸ್ ಮಾಡಿ ಸುರುಳಿ ತಂತಿ ಹಾಕಿ ಕೊಟ್ಟವಳು ಚಿಕ್ಕಮ್ಮ. ಕೊಡುವ ಮೊದಲು ಓದಿದ್ದಳು. ಅವಳ ಪ್ರತಿಯಲ್ಲಿ ಎರಡು ಕಡೆ ಪೆನ್ಸಿಲ್ ಗೆರೆ.

“ಪುಟ್ಟಿ, ನಾಲ್ಕನೇ ನಿಯಮ ಏನನ್ನುತ್ತೆ? ಎಐ ಬಳಸೋದು ತಪ್ಪಲ್ಲ, ಮುಚ್ಚಿಡೋದು ತಪ್ಪು. ಎಲ್ಲಾನೂ ಹೇಳಿ. ಸರಿನಾ?”

“ಸರಿ.”

“ಹನ್ನೊಂದನೇದು ಏನನ್ನುತ್ತೆ? ಎಐ ಸಹಾಯ ಇರೋ ಭಾಗಕ್ಕೆ ಅರ್ಧ ಅಂಕ. ಅಂದ್ರೆ ನಾಲ್ಕನೇದು ‘ಹೇಳು ಮರಿ’ ಅನ್ನುತ್ತೆ, ಹನ್ನೊಂದನೇದು ‘ಹೇಳಿದ್ಯಾ, ಬಾ ಇಲ್ಲಿ’ ಅಂತ ಬಾರಿಸುತ್ತೆ. ನಾನು ಯಾವುದನ್ನ ಕೇಳ್ಲಿ?”

ನಾನು ತಬ್ಬಿಬ್ಬಾದೆ. ಎರಡೂ ನಾನೇ ಬರೆದದ್ದು, ಎರಡು ದಿನದ ಅಂತರದಲ್ಲಿ. ಅವೆರಡು ಜುಟ್ಟು ಹಿಡಿದುಕೊಳ್ಳುತ್ತವೆ ಎಂದು ನನಗೆ ಹೊಳೆದಿರಲಿಲ್ಲ. ಒಪ್ಪಿಕೊಳ್ಳಬಹುದಿತ್ತು. ಒಪ್ಪಲಿಲ್ಲ. “ಎರಡನ್ನೂ ಕೇಳು, ಅದು ಹಾಗೇ ಇರೋದು” ಎಂದು ಗಡುಸಾಗಿ ಹೇಳಿಬಿಟ್ಟೆ. ನಲವತ್ತು ಪ್ರತಿ ಆಗಿಹೋಗಿತ್ತು, ಮತ್ತೆ ತಂತಿ ಬಿಚ್ಚಿಸುವುದು ಯಾರು? ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

“ಆಯ್ತು ಬಿಡು” ಎಂದು ಅವಳು ಪೆನ್ಸಿಲ್ ಗೆರೆ ಅಳಿಸಿದಳು.

ತರಗತಿಯಲ್ಲಿ ಅವಳು ನನ್ನನ್ನು ಮೇಡಂ ಎಂದೇ ಕರೆದಳು. ಮೊದಲ ಬೆಂಚು, ಮೂರು ಬಣ್ಣದ ಪೆನ್ನು. ಅವಳಿಗೆ ಎಲ್ಲಕ್ಕಿಂತ ದೊಡ್ಡ ಗೊಂದಲ ಮಿಷನ್ ಎಲ್ಲಿದೆ ಎನ್ನುವುದು.

“ಮೇಡಂ, ನಾವು ಈಗ ಆನ್ ಮಾಡಿದ ಮಿಷನ್ ಎಲ್ಲಿದೆ?”

“ಬೇರೆ ಎಲ್ಲೋ, ದೊಡ್ಡ ಕಟ್ಟಡದಲ್ಲಿ.”

“ಯಾವ ಸಾಲಲ್ಲಿ?”

“ಅದು ಒಂದೇ ಮಿಷನ್ ಅಲ್ಲ. ದೊಡ್ಡ ಮಿಷನ್ನಿನ ಒಳಗೆ ನಮಗೆ ಅಂತ ಒಂದು ತುಂಡು. ಇವತ್ತು ಒಂದರಲ್ಲಿ ಇರುತ್ತೆ, ನಾಳೆ ಇನ್ನೊಂದರಲ್ಲಿ.”

“ಹಾಗಾದ್ರೆ ಬಿಸಿ ಆದ್ರೆ ಯಾರು ಮುಟ್ಟಿ ನೋಡ್ತಾರೆ?”

ಹುಡುಗರು ಗೊಳ್ಳೆಂದು ನಕ್ಕರು. ನನಗೂ ನಗು ಬಂತು. ಆದರೆ ನಿಜವಾಗಿ ಯಾರು ಮುಟ್ಟಿ ನೋಡುತ್ತಾರೆ? ಮನೆಗೆ ಹೋಗುವ ದಾರಿಯಲ್ಲೂ ಅದೇ ಯೋಚನೆ. ಹತ್ತು ವರ್ಷದಿಂದ ಈ ವಿಷಯ ಓದುತ್ತಿದ್ದೇನೆ, ಒಂದು ದಿನವೂ ನನಗೆ ಈ ಪ್ರಶ್ನೆ ಬಂದಿರಲಿಲ್ಲ.

ಉಳಿದ ಹುಡುಗರಿಗೆ ಇಂಥ ತಕರಾರಿಲ್ಲ. ಅವರ ಗೊಂದಲವೆಲ್ಲ ನಿಯಮದ ಬಗ್ಗೆ. ಕಾಗುಣಿತ ತಿದ್ದಿಸಿಕೊಂಡರೆ ಅದು ಎಐ ಆಯಿತೇ? ಗೆಳೆಯ ಎಐಯನ್ನು ಕೇಳಿ ನನಗೆ ಹೇಳಿದರೆ ಘೋಷಿಸಬೇಕಾದವರು ಯಾರು? ಈ ನಿಯಮದ ಹಾಳೆಯೇ ಅರ್ಥವಾಗದೆ ಎಐಯನ್ನು ಕೇಳಿದರೆ? ಕೊನೆಯದನ್ನು ಕೇಳಿದವನು ದಪ್ಪ ಕನ್ನಡಕದ ಹುಡುಗ, ತರಗತಿಯಲ್ಲೇ ಜಾಣ. ನಾನು ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟೆ. ಮೂರನೇ ವಾರಕ್ಕೆ ನನ್ನ ಉತ್ತರಗಳೇ ನನಗೆ ನೆನಪಿರಲಿಲ್ಲ.

ಚಿಕ್ಕಮ್ಮ ಮಾತ್ರ ಉದ್ದನೆಯ ನೋಟ್‌ಬುಕ್ ಒಂದಕ್ಕೆ ಗೆರೆ ಎಳೆದು ಐದು ಕಾಲಂ ಮಾಡಿದ್ದಳು. ಎಐಯನ್ನು ಕೇಳಿದ ಪ್ರತಿ ಪ್ರಶ್ನೆಯೂ ದಿನಾಂಕದ ಸಮೇತ ಅದರಲ್ಲಿ. ‘ಏನನ್ನು ಬಿಟ್ಟಿರಿ’ ಎಂಬಲ್ಲಿ, “ಇದು ಹೇಳಿದ ಮೂರನೇ ಹಂತ ಮಾಡಿದೆ, ಬರಲಿಲ್ಲ. ಎರಡನೇ ಸಲ ಕೇಳಿದಾಗ ಕ್ಷಮಿಸಿ ಎಂದು ಬೇರೆ ಹೇಳಿತು. ಅದೂ ಬರಲಿಲ್ಲ. ಆಮೇಲೆ ಪಾಠದ ಹಾಳೆ ಇಪ್ಪತ್ತೆರಡು ನೋಡಿ ನಾನೇ ಮಾಡಿದೆ.” ಮುದ್ದಾದ ಗುಂಡು ಅಕ್ಷರ. ಭಾನುವಾರ ಮಧ್ಯಾಹ್ನ ನಾನು ಮೇಲೆ ಹೋದಾಗ ಚಿಕ್ಕಪ್ಪ ಹೇಳಿದರು:

“ನಿನ್ನ ಚಿಕ್ಕಮ್ಮ ಬೆಳಿಗ್ಗೆಯಿಂದ ಆ ಎಐ ಜೊತೆ ಜಗಳ ಆಡ್ತಿದಾಳೆ. ಮೂವತ್ತು ವರ್ಷದಲ್ಲಿ ನಾನು ಒಂದು ಸಲ ಕ್ಷಮಿಸು ಅಂದಿಲ್ಲ, ಅದು ಒಂದು ಗಂಟೇಲಿ ಆರು ಸಲ ಅಂತು. ನನ್ನ ಮಾನ ಹೋಯ್ತು.”

“ನೀವು ಅದರ ಹಾಗೆ ಎಲ್ಲದಕ್ಕೂ ಉತ್ತರ ಕೊಟ್ಟಿದ್ರೆ ನಿಮ್ಮ ಹತ್ರಾನೇ ಕೇಳ್ತಿದ್ದೆ” ಎಂದಳು ಅವಳು, ನೋಟ್‌ಬುಕ್ಕಿನಿಂದ ತಲೆ ಎತ್ತದೆ.

“ಚಿಕ್ಕಮ್ಮ, ಇಷ್ಟೊಂದು ಬರೀಬೇಕಾಗಿಲ್ಲ” ಎಂದೆ ಮೆಲ್ಲಗೆ. ನನ್ನ ಮನಸ್ಸಿನಲ್ಲಿ ಹನ್ನೊಂದನೇ ನಿಯಮ ಕುಟುಕುತ್ತಿತ್ತು.

“ನೀನೇ ಬರೆದಿದ್ಯಲ್ಲ, ಎಲ್ಲಾನೂ ಹೇಳಿ ಅಂತ.”

“ಬರೆದಿದ್ದೀನಿ. ಆದ್ರೆ...”

“ಆದ್ರೆ ಏನು?”

ಆದರೆ ಏನು ಎಂದು ನಾನು ಹೇಗೆ ಹೇಳಲಿ? ಮುಚ್ಚಿಡು ಎಂದೇ? ಟೀ ಕುಡಿದು ಕೆಳಗಿಳಿದೆ.

ಹತ್ತನೇ ವಾರ ಎಲ್ಲರ ವರದಿಗಳು ಬಂದವು. ಮೂವತ್ತೊಂಬತ್ತು ಹುಡುಗರು, ಮೂವತ್ತೊಂಬತ್ತು ಘೋಷಣಾ ಪತ್ರ, ಮೂವತ್ತೊಂಬತ್ತರಲ್ಲೂ ‘ಎಐ ಬಳಸಿಲ್ಲ’. ವರದಿಗಳು ಒಂದಕ್ಕಿಂತ ಒಂದು ನುಣುಪು. ಯಾರೋ ಒಬ್ಬ ಎಲ್ಲರ ತಲೆಯನ್ನೂ ಒಂದೇ ಬಾಚಣಿಗೆಯಲ್ಲಿ ಬಾಚಿದ ಹಾಗೆ. ನನಗೆ ಗೊತ್ತು. ಅವರಿಗೂ ಗೊತ್ತು, ನನಗೆ ಗೊತ್ತೆಂದು. ಆದರೆ ಸಾಕ್ಷಿ? ನಲವತ್ತನೆಯದು ಚಿಕ್ಕಮ್ಮನ ವರದಿ. ವಾಕ್ಯಗಳು ಕುಂಟುತ್ತಿದ್ದವು, ಅಲ್ಲಲ್ಲಿ ತಪ್ಪು. ಜೊತೆಗೆ ನೋಟ್‌ಬುಕ್ಕಿನ ಜೆರಾಕ್ಸ್. ಅರವತ್ತೊಂದು ಪ್ರಶ್ನೆ. ಒಂದನ್ನೂ ಮುಚ್ಚಿಟ್ಟಿರಲಿಲ್ಲ.

ಇನ್ನು ಉಳಿದದ್ದು ಪ್ರಾಜೆಕ್ಟ್. ಪ್ರತಿಯೊಬ್ಬರೂ ಕ್ಲೌಡಿನಲ್ಲಿ ಒಂದು ಮಿಷನ್ ತೆಗೆದುಕೊಂಡು ಅದರ ಮೇಲೆ ಒಂದು ಚಿಕ್ಕ ಜಾಲತಾಣ ನಡೆಸಬೇಕು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಾನು ಒಂದೊಂದನ್ನೇ ತೆರೆದು ನೋಡುತ್ತೇನೆ. ಶುಕ್ರವಾರ ಹಚ್ಚಿದ ಮೇಲೆ ಅಲ್ಲಿಯವರೆಗೆ ಅದು ಓಡುತ್ತಿರಬೇಕು. ಇದನ್ನು ಬುಧವಾರ ತರಗತಿಯಲ್ಲಿ ಬಾಯಲ್ಲಿ ಹೇಳಿದೆ, ಎಲ್ಲೂ ಬರೆಯಲಿಲ್ಲ. ಬುಧವಾರ ಚಿಕ್ಕಮ್ಮ ಹೊಸ ಕನ್ನಡಕಕ್ಕೆ ಅಳತೆ ಕೊಡಲು ಕಣ್ಣಿನ ವೈದ್ಯರ ಬಳಿ ಹೋಗಿದ್ದಳು. ಕೋರ್ಸಿನ ಉಳಿದೆಲ್ಲ ದಿನಗಳಲ್ಲಿ ನಿಯಮ ಬೇರೆ: ಕೆಲಸ ಮುಗಿದ ಮೇಲೆ ಮಿಷನ್ ಆರಿಸಿ ಹೋಗಬೇಕು. ಯಾರಾದರೂ ಮರೆತರೆ ಆರಿಸಲಿ ಎಂದು ಚಿಕ್ಕಮ್ಮನ ಖಾತೆಗೆ ಎಲ್ಲರ ಮಿಷನ್ ಆರಿಸುವ ಅಧಿಕಾರವನ್ನೂ ನಾನೇ ಕೊಟ್ಟಿದ್ದೆ. ಈ ಕೆಲಸಕ್ಕೆ ಅವಳಿಗಿಂತ ಬೇರೆ ಯಾರು ಬೇಕು ಎಂದು ಆಗ ಬೀಗಿದ್ದೆ ಕೂಡ.

ಶುಕ್ರವಾರ ಸಂಜೆ ಐದೂ ಹತ್ತಕ್ಕೆ ಖಾಲಿ ಲ್ಯಾಬಿನಲ್ಲಿ ಅವಳು ಕ್ಲೌಡಿನ ತನ್ನ ಖಾತೆ ತೆರೆದು ನೋಡಿದ್ದಾಳೆ. ನಲವತ್ತು ಮಿಷನ್ನು ಉರಿಯುತ್ತಿವೆ, ಒಂದರ ಮುಂದೂ ಮನುಷ್ಯರಿಲ್ಲ. ಮೊದಲು ತನ್ನದನ್ನು ಆರಿಸಿದಳು. ಆಮೇಲೆ ಒಂದೊಂದಾಗಿ ಮೂವತ್ತೊಂಬತ್ತು. ಆಮೇಲೆ ಬೀಗ ಹಾಕಿ, ಎಳೆದು ನೋಡಿ, ಮನೆಗೆ ಬಂದಳು.

ಸೋಮವಾರ ಹತ್ತು ಗಂಟೆಗೆ ಗೋಡೆಯ ಪರದೆಯ ಮೇಲೆ ಮೊದಲ ಜಾಲತಾಣ ತೆರೆದೆ. ಬರಲಿಲ್ಲ. ಎರಡನೆಯದು ಬರಲಿಲ್ಲ. ಐದನೆಯದರ ಹೊತ್ತಿಗೆ ಕೋಣೆ ಸಂತೆಯಾಯಿತು. ಯಾರೋ ದಾಳಿ ಮಾಡಿದ್ದಾರೆ ಎಂದ ಒಬ್ಬ. ಇಂಟರ್‌ನೆಟ್ಟೇ ಸತ್ತಿದೆ ಎಂದ ಇನ್ನೊಬ್ಬ. ನಾನು ಕಕ್ಕಾಬಿಕ್ಕಿಯಾಗಿ ನಿಂತಿದ್ದೆ. ಆಗ ಮೊದಲ ಬೆಂಚಿನಿಂದ ಚಿಕ್ಕಮ್ಮ ಎದ್ದಳು.

“ಮೇಡಂ, ನಾನೇ ಆರಿಸಿದ್ದು. ಶುಕ್ರವಾರ. ಐದೂ ಹತ್ತಕ್ಕೆ.”

ಎಲ್ಲರೂ ಒಟ್ಟಿಗೆ ಕೂಗಾಡಿದರು. ದಪ್ಪ ಕನ್ನಡಕದವನ ದನಿ ಎಲ್ಲಕ್ಕಿಂತ ಮೇಲಿತ್ತು: “ಮೂರು ವಾರದ ಕೆಲಸ ಮೇಡಂ! ಇವ್ರಿಗೆ ಏನೂ ಗೊತ್ತಾಗಲ್ಲ ಅಂದ್ರೆ ಇಲ್ಲಿ ಯಾಕೆ ಕೂರಿಸ್ತೀರಿ?”

ಅವಳು ಮೇಜಿನ ಅಂಚನ್ನು ಹಿಡಿದುಕೊಂಡು ನಿಂತಿದ್ದಳು, ಮುಖ ಬಿಳಿಚಿತ್ತು. ನನಗೆ ಅವಳ ಮೇಲೆ ಸಿಟ್ಟು, ಹುಡುಗರ ಮೇಲೆ ಸಿಟ್ಟು, ಬುಧವಾರ ಬರೆಯದೆ ಬಿಟ್ಟ ನನ್ನ ಮೇಲೆ ಎಲ್ಲಕ್ಕಿಂತ ಸಿಟ್ಟು.

ಆದರೆ ಆರಿಸಿದ ಮಿಷನ್ ಸತ್ತ ಮಿಷನ್ ಅಲ್ಲ. ಮತ್ತೆ ಹಚ್ಚಬಹುದು. ಹಚ್ಚಿದರೆ ಅದರ ವಿಳಾಸ ಬದಲಾಗಿರುತ್ತದೆ, ಒಳಗಿನ ಕಾರ್ಯಕ್ರಮವನ್ನು ಮತ್ತೆ ಎಬ್ಬಿಸಬೇಕು, ಅಷ್ಟೇ. ಐದನೇ ವಾರದ ಪಾಠದಲ್ಲೇ ಬರೆದಿದ್ದೆ: ಕ್ಲೌಡಿನ ಮಿಷನ್ ಯಾವಾಗ ಬೇಕಾದರೂ ನಿಲ್ಲಬಹುದು, ನಿಂತರೆ ಎಬ್ಬಿಸುವ ದಾರಿ ನಿಮಗೆ ಗೊತ್ತಿರಬೇಕು. “ಒಂದು ಗಂಟೆ ಸಮಯ. ನಿಮ್ಮ ನಿಮ್ಮದನ್ನು ಎಬ್ಬಿಸಿ” ಎಂದೆ.

ಆ ಒಂದು ಗಂಟೆ ನಾನು ಮರೆಯುವುದಿಲ್ಲ. ‘ಎಐ ಬಳಸಿಲ್ಲ’ ಎಂದು ಸಹಿ ಹಾಕಿದ ಮೂವತ್ತೊಂಬತ್ತು ಜನರೂ ನನ್ನ ಕಣ್ಣೆದುರೇ ಎಐ ತೆರೆದು ಕೂತರು. ಅದು ಒಬ್ಬನಿಗೆ ಒಂದು ಹೇಳಿತು, ಪಕ್ಕದವನಿಗೆ ಇನ್ನೊಂದು. ದಪ್ಪ ಕನ್ನಡಕದವನ ವರದಿ ತರಗತಿಯಲ್ಲೇ ಮೊದಲನೆಯದು, ಅವನಿಗೆ ತನ್ನ ಕಾರ್ಯಕ್ರಮ ಮಿಷನ್ನಿನ ಯಾವ ಮೂಲೆಯಲ್ಲಿ ಕೂತಿದೆ ಎಂದೇ ಗೊತ್ತಿರಲಿಲ್ಲ. ಚಿಕ್ಕಮ್ಮ ನೋಟ್‌ಬುಕ್ಕಿನ ನಲವತ್ತೇಳನೇ ಪುಟ ತೆರೆದು, ಹಳೆಯ ಕನ್ನಡಕ ಮೂಗಿನ ತುದಿಗಿಳಿಸಿ, ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಹಂತ ಮಾಡಿದಳು. ಇಪ್ಪತ್ತೈದು ನಿಮಿಷಕ್ಕೆ ಅವಳ ಜಾಲತಾಣ ಎದ್ದಿತು. ಲ್ಯಾಬಿನ ಮೂವತ್ತು ಮಿಷನ್ನುಗಳ ಗುಣಸ್ವಭಾವದ ಪಟ್ಟಿ ಅದು. ಆಮೇಲೆ ಅವಳು ನೋಟ್‌ಬುಕ್ ಹಿಡಿದುಕೊಂಡು ಹಿಂದಿನ ಬೆಂಚಿಗೆ ಹೋದಳು. “ಬಾ ಮರಿ, ಇಲ್ಲಿ ನೋಡು, ನಂಗೂ ಇಲ್ಲೇ ಸಿಕ್ಕಿಹಾಕಿಕೊಂಡಿತ್ತು.” ಗಂಟೆ ಮುಗಿಯುವ ಹೊತ್ತಿಗೆ ಅವಳದ್ದು ಬಿಟ್ಟು ಎದ್ದಿದ್ದು ಹದಿನೆಂಟು. ಏಳು ಸ್ವಂತವಾಗಿ ಎದ್ದವು, ಹನ್ನೊಂದು ಅವಳ ಪುಟ ನೋಡಿ.

ಆ ದಿನದ ಘೋಷಣಾ ಪತ್ರವನ್ನೂ ಅವಳು ತುಂಬಿ ಕೊಟ್ಟಳು. ‘ಮಾಡಿದ ಕೆಲಸ’ ಎಂಬಲ್ಲಿ, ‘ಎಲ್ಲರ ಮಿಷನ್ ಆರಿಸಿದ್ದು’. ‘ಎಐ ಸಹಾಯ’ ಎಂಬಲ್ಲಿ, ‘ಪಡೆದಿಲ್ಲ. ಈ ತಪ್ಪು ಪೂರ್ತಿ ನನ್ನ ಸ್ವಂತದ್ದು.’ ಓದಿ ನಗು ಬಂತು. ನಗುತ್ತಾ ನಗುತ್ತಾ ಕಣ್ಣು ಒದ್ದೆಯಾದದ್ದು ಯಾವಾಗ ಎಂದು ತಿಳಿಯಲಿಲ್ಲ.

ಅಂಕ ಕೂಡಿಸಿದೆ. ಹನ್ನೊಂದನೇ ನಿಯಮದಂತೆ ಅರ್ಧ ಕತ್ತರಿಸದೆ ಕೂಡಿಸಿದರೆ ಚಿಕ್ಕಮ್ಮನಿಗೆ ಅರವತ್ತೇಳು. ಕತ್ತರಿಸಿ ಕೂಡಿಸಿದರೆ ಮೂವತ್ತೆಂಟು. ಪಾಸಾಗಲು ನಲವತ್ತು. ಮಿಷನ್ ಎಬ್ಬಿಸಲಾರದ ಹುಡುಗರಿಗೆ ಹತ್ತು ಹತ್ತು ಅಂಕ ಕಡಿಮೆ ಮಾಡಿದೆ. ಆದರೂ ನುಣುಪು ವರದಿಯ ಬಲದಿಂದ ಅವರೆಲ್ಲ ದಡ ಸೇರಿದರು. ಐದು ಸಲ ಕೂಡಿಸಿದೆ. ಹೇಳಿದವಳು ಮುಳುಗಿದ್ದಳು, ಹೇಳದವರು ತೇಲಿದ್ದರು, ಮುಳುಗಿಸಿದ ಕಲ್ಲು ಕಟ್ಟಿದವಳು ನಾನು.

ಮುಖ್ಯಸ್ಥರ ಬಳಿ ಓಡಿದೆ. ಹನ್ನೊಂದನೇ ನಿಯಮ ತಪ್ಪಾಗಿದೆ, ತೆಗೆದುಬಿಡೋಣ ಎಂದೆ.

“ಪರೀಕ್ಷೆ ಆದ ಮೇಲೆ ನಿಯಮ ತೆಗೀತೀರಾ? ಅದೂ ನಿಮ್ಮ ಚಿಕ್ಕಮ್ಮನಿಗೆ? ಆ ಹುಡುಗರ ದೂರು ನೋಡಿ ಇಲ್ಲಿ, ಎರಡು ಪುಟ. ನಾಳೆ ಸಂಜೆಯೊಳಗೆ ಪಟ್ಟಿ ಬೇಕು.”

ಮರುದಿನ ಲ್ಯಾಬ್ ತೆರವು. ಕೂಲಿಯವರು ಮಿಷನ್ನುಗಳನ್ನು ತಳ್ಳುಗಾಡಿಗೆ ಪೇರಿಸುತ್ತಿದ್ದರು. ಚಿಕ್ಕಮ್ಮ ಬಾಗಿಲಲ್ಲಿ ನಿಂತು, “ನಾಲ್ಕನೇದನ್ನ ಮೆಲ್ಲಗೆ ಇಡಿ, ಅದಕ್ಕೆ ಬೇಗ ಸಿಟ್ಟು ಬರುತ್ತೆ” ಎನ್ನುತ್ತಿದ್ದಳು. ಹಳೆಯ ರಿಜಿಸ್ಟರುಗಳನ್ನು ನನ್ನ ಕೋಣೆಗೆ ತಂದು ಹಾಕಿದರು. ಸುಮ್ಮನೆ ಒಂದನ್ನು ತೆರೆದೆ. ನಾನು ಈ ಕಾಲೇಜಿಗೆ ಕೆಲಸಕ್ಕೆ ಸೇರುವ ಮೊದಲಿನ ವರ್ಷಗಳದ್ದು.

ಆ ವರ್ಷಗಳಲ್ಲಿ ನಾನು ಬೇರೊಂದು ಚಿಕ್ಕ ಕಾಲೇಜಿನಲ್ಲಿ ಓದುತ್ತಿದ್ದೆ. ಅಲ್ಲಿ ಕಂಪ್ಯೂಟರಿನ ಪಾಠ ಇತ್ತು, ಕಂಪ್ಯೂಟರ್ ಇರಲಿಲ್ಲ. ಚಿಕ್ಕಮ್ಮ ದಿನಾ ನಾಲ್ಕಕ್ಕೆ ನನ್ನನ್ನು ತನ್ನ ಲ್ಯಾಬಿಗೆ ಕರೆಸಿ ಕಿಟಕಿ ಪಕ್ಕದ ಹದಿನೇಳನೇ ಮಿಷನ್ ಮುಂದೆ ಕೂರಿಸುತ್ತಿದ್ದಳು. ಐದೂ ಹತ್ತರವರೆಗೆ ಅದು ನನ್ನದು. ಹೊರಗಿನವರನ್ನು ಬಿಡುತ್ತಾರಾ ಎಂದು ಕೇಳಿದ್ದಕ್ಕೆ, “ದೊಡ್ಡವರನ್ನ ಕೇಳಿದೀನಿ, ನೀನು ಓದ್ಕೋ” ಎಂದಿದ್ದಳು. ನಂಬಿದ್ದೆ.

ರಿಜಿಸ್ಟರಿನಲ್ಲಿ ಆ ಗುಂಡು ಅಕ್ಷರ. ದಿನಾಂಕ, ಸಂಜೆ ನಾಲ್ಕು, ಹದಿನೇಳನೇ ಮಿಷನ್: ದುರಸ್ತಿಯಲ್ಲಿದೆ. ಮರುದಿನ: ದುರಸ್ತಿಯಲ್ಲಿದೆ. ಪುಟ ತಿರುಗಿಸಿದೆ. ದುರಸ್ತಿಯಲ್ಲಿದೆ, ದುರಸ್ತಿಯಲ್ಲಿದೆ. ಎರಡು ವರ್ಷ. ಬೇರೆ ಯಾರಿಗೂ ಆ ಮಿಷನ್ ಹೋಗಬಾರದೆಂದು. ಯಾರನ್ನೂ ಅವಳು ಕೇಳಿರಲಿಲ್ಲ. ಪೆನ್ನಿಗೆ ಸಹಿ ಹಾಕಿಸಿಕೊಳ್ಳುವ ನನ್ನ ಚಿಕ್ಕಮ್ಮ ಎರಡು ವರ್ಷ ದಿನಕ್ಕೊಂದು ಸುಳ್ಳು ಬರೆದಿದ್ದಳು. ಸಿಕ್ಕಿಬಿದ್ದಿದ್ದರೆ ಅಂದೇ ಕೆಲಸ ಹೋಗುತ್ತಿತ್ತು.

ರಿಜಿಸ್ಟರ್ ಮುಚ್ಚಿದೆ. ಅಂಕಪಟ್ಟಿ ತೆಗೆದು ಮೂವತ್ತೆಂಟನ್ನು ನಲವತ್ತು ಮಾಡಿದೆ. ಸರಿಯೋ ತಪ್ಪೋ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ.

ಪಟ್ಟಿಯನ್ನು ಮುಖ್ಯಸ್ಥರಿಗೆ ತಲುಪಿಸುವ ಕೆಲಸ ಎಂದಿನಂತೆ ಲ್ಯಾಬ್ ಸಹಾಯಕಿಯದು. ಅವಳು ಅದನ್ನು ತೆಗೆದುಕೊಂಡು ಬಾಗಿಲವರೆಗೆ ಹೋಗಿ ನಿಂತಳು. ತಿರುಗಿ ಬಂದಳು.

“ಮೇಡಂ, ನಂದು ಮೂವತ್ತೆಂಟಲ್ವಾ?”

“ನಲವತ್ತು.”

“ನಿನ್ನ ನಿಯಮದ ಪ್ರಕಾರ ನಾನೇ ಮನೇಲಿ ಕೂಡಿಸಿ ನೋಡಿದ್ದೆ. ಮೂವತ್ತೆಂಟೇ ಬರೋದು. ಈ ಎರಡು ಎಲ್ಲಿಂದ ಬಂತು ಪುಟ್ಟಿ? ಎಲ್ಲಾದ್ರೂ ಬರೆದಿದ್ದೀಯಾ?”

ನಾನು ರಿಜಿಸ್ಟರನ್ನು ಅವಳ ಮುಂದೆ ತೆರೆದಿಟ್ಟೆ. “ಇದರ ನಿಜಾನ ನೀನು ಎಲ್ಲಾದ್ರೂ ಬರೆದಿದ್ಯಾ?”

ಅವಳು ಪುಟ ನೋಡಿದಳು. ಕುರ್ಚಿ ಎಳೆದು ಕೂತಳು. ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು.

“ಇದನ್ನ ಯಾಕೆ ತೆಗೆದೆ?” ಎಂದಳು. ದನಿ ಸಣ್ಣದಾಗಿತ್ತು. “ಅವತ್ತು ಸರಿ ಅನ್ನಿಸ್ತು. ನೀನು ಓದ್ಬೇಕಿತ್ತು, ಮಿಷನ್ ಖಾಲಿ ಇತ್ತು. ಇವತ್ತು ಇದು ಸರಿ ಅನ್ನಿಸ್ತಿಲ್ಲ. ಎರಡೂ ಸುಳ್ಳೇ. ವ್ಯತ್ಯಾಸ ಏನು ಅಂತ ಕೇಳ್ಬೇಡ, ನಂಗೂ ಗೊತ್ತಿಲ್ಲ. ಆದ್ರೆ ನಾಳೆ ಆ ಹುಡುಗರ ಮುಂದೆ ನಿಂತು ನಾನು ಎಲ್ಲಾನೂ ಹೇಳಿ ಮಕ್ಕಳೇ ಅಂತ ಪಾಠ ಮಾಡ್ಬೇಕು. ಈ ಎರಡು ಅಂಕ ಇಟ್ಕೊಂಡು ನನ್ನ ಕೈಲಿ ಅದು ಆಗಲ್ಲ.”

“ಸ್ಟೋರಿಗೆ ಹಾಕ್ತಾರೆ ಚಿಕ್ಕಮ್ಮ.”

“ಗೊತ್ತು.” ಅವಳ ಕಣ್ಣು ತುಂಬಿತ್ತು. “ನಂಗೆ ಅಲ್ಲಿಗೆ ಹೋಗೋಕೆ ಸುತರಾಂ ಇಷ್ಟ ಇಲ್ಲ. ಬೇಗ ತಿದ್ದು, ಐದೂ ಹತ್ತಾಯ್ತು.”

ತಿದ್ದಿದೆ. ತಿದ್ದಿದ ಪಟ್ಟಿಯನ್ನು ನಾನೇ ಒಯ್ದೆ. ಎರಡು ಅಂಕ ಸೇರಿಸಿದ್ದನ್ನೂ, ಅವಳು ತೆಗೆಸಿದ್ದನ್ನೂ, ನಾಲ್ಕು ಹನ್ನೊಂದರ ಜಗಳವನ್ನು ಅವಳು ಮೊದಲ ದಿನವೇ ಹಿಡಿದದ್ದನ್ನೂ ಮುಖ್ಯಸ್ಥರಿಗೆ ಹೇಳಿಬಿಟ್ಟೆ. ಅವರು ನನಗೆ ಚೆನ್ನಾಗಿ ಬೈದರು, ನನ್ನ ಕಡತಕ್ಕೆ ಒಂದು ಎಚ್ಚರಿಕೆಯ ಪತ್ರವೂ ಸೇರಿತು. ಬೈದು ಮುಗಿದ ಮೇಲೆ ನಿಯಮದ ಹಾಳೆ ಎಳೆದುಕೊಂಡು ನಾಲ್ಕನ್ನೂ ಹನ್ನೊಂದನ್ನೂ ಓದಿ, “ಮುಂದಿನ ಅವಧಿಯಲ್ಲಿ ಇನ್ನೊಂದು ಸಲ ಕೂರಲಿ. ಅದೇ ಕೊನೇದು. ಆ ಸಲ ಅಂಕ ಬೇರೆಯವರು ಕೊಡ್ತಾರೆ” ಎಂದರು.

ಈಗ ಅವಳು ನೆಲಮಾಳಿಗೆಯಲ್ಲಿ ಕುರ್ಚಿ ಎಣಿಸುತ್ತಾಳೆ. ಮಧ್ಯಾಹ್ನ ಎರಡಕ್ಕೆ ಕೈ ತೊಳೆದುಕೊಂಡು ತರಗತಿಗೆ ಬರುತ್ತಾಳೆ. ನಿಯಮದ ಹಾಳೆಯಲ್ಲಿ ಹನ್ನೊಂದನೆಯದು ಹೋಗಿದೆ. ಅದರ ಬದಲು ಏನು ಬರೆಯಬೇಕೆಂದು ನನಗಿನ್ನೂ ತಿಳಿದಿಲ್ಲ, ಹತ್ತಾದ ಮೇಲೆ ಹನ್ನೆರಡಿದೆ. ಹುಡುಗರು ದಿನಾ ಕೇಳುತ್ತಾರೆ, ಮೇಡಂ ಹನ್ನೊಂದೆಲ್ಲಿ ಎಂದು.

ಹೊಸ ಅವಧಿಯ ಮೊದಲ ದಿನ ಅವಳು ಹೊಸ ನೋಟ್‌ಬುಕ್ಕನ್ನು ನನ್ನ ಮೇಜಿನ ಮೇಲಿಟ್ಟಳು. ಮೊದಲ ಪುಟದಲ್ಲಿ ಆ ಹಳೆಯ ಮೂರು ಕಾಲಂ. ಪಡೆದದ್ದು: ಎರಡು ಅಂಕ. ಹಿಂದಿರುಗಿಸಿದ್ದು: ಎರಡು ಅಂಕ. ಸಹಿಯ ಜಾಗ ಖಾಲಿ.

“ಸಹಿ ಹಾಕು” ಎಂದಳು. ಹಾಕಿದೆ. ಪೆನ್ನು ಅವಳಿಗೆ ಕೊಡಲಿಲ್ಲ. ಅದರ ಕೆಳಗಿನ ಸಾಲಿನಲ್ಲಿ ನಾನೇ ಬರೆದೆ. ಪಡೆದದ್ದು: ಹದಿನೇಳನೇ ಮಿಷನ್, ಎರಡು ವರ್ಷ, ದಿನಾ ನಾಲ್ಕರಿಂದ ಐದೂ ಹತ್ತು. ಸಹಿಯ ಜಾಗದಲ್ಲಿ ನನ್ನ ಹೆಸರು ಬರೆದೆ. ‘ಹಿಂದಿರುಗಿಸಿದ್ದು’ ಎಂಬಲ್ಲಿ ಏನು ಬರೆಯಬೇಕೆಂದು ತೋಚಲಿಲ್ಲ, ಹಾಗೇ ಬಿಟ್ಟೆ.

ಅವಳು ನೋಟ್‌ಬುಕ್ ತಿರುಗಿಸಿಕೊಂಡು ಓದಿದಳು. ಹೊಸ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

“ಖಾಲಿ ಕಾಲಂ ಬಿಡಬಾರದು ಅಂತ ಎಷ್ಟು ಸಲ ಹೇಳಿದೀನಿ ನಿಂಗೆ” ಎಂದು ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು, ಆ ಖಾಲಿ ಜಾಗದಲ್ಲಿ ಗುಂಡಗೆ ಬರೆದಳು: ದುರಸ್ತಿಯಲ್ಲಿದೆ.